ಮನೆ-ಸೈಟು ತೋರಿಸುವ ಕೆಲಸ ಗೃಹಿಣಿಗೆ ಒಗ್ಗೀತೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಗಂಡು-ಹೆಣ್ಣನ್ನು ಕೂಡಿಸುವವರಿಗೆ ನಮ್ಮಲ್ಲಿ ಇರುವ ಮರ್ಯಾದೆ, ಮನೆಗೂ ಮನುಷ್ಯರಿಗೂ ಗಂಟು ಹಾಕುವವರಿಗೆ ಇಲ್ಲ. ಬ್ರೋಕರ್ ಅಂದ ಕೂಡಲೇ ಮುಖ ಸಿಂಡರಿಸುತ್ತೇವೆ. "ಅಯ್ಯೋ, ಅವರ ಮಾತು ನಂಬಬೇಡ್ರಮ್ಮ, ಕೊಳವನ್ನೇ ಸೈಟು ಅಂತ ತೋರಿಸ್ತಾರೆ" ಎನ್ನುತ್ತೇವೆ.

ಸೋದರಿಯರೇ, ಸ್ವಲ್ಪ ಯೋಚನೆ ಮಾಡಿ ನೋಡಿ. ನಿಮ್ಮ ಬೀದಿಯಲ್ಲಿ ಯಾವ ಮನೆ ಮುಂದಿನ ತಿಂಗಳು ಖಾಲಿಯಾಗುತ್ತದೆ, ಯಾವ ಮನೆಯ ನಲ್ಲಿಯಲ್ಲಿ ನೀರು ಬರುವುದಿಲ್ಲ, ಯಾವ ಮನೆಯ ಯಜಮಾನರು ಅಡ್ವಾನ್ಸ್ ವಾಪಸು ಕೊಡಲು ಸತಾಯಿಸುತ್ತಾರೆ—ಇದೆಲ್ಲ ಗೊತ್ತಿರುವುದು ಯಾರಿಗೆ? ನಿಮಗೇ ಅಲ್ಲವೇ? ವರ್ಗವಾಗಿ ಬಂದ ಮೇಷ್ಟ್ರ ಹೆಂಡತಿ "ಅಕ್ಕಾ, ಇಲ್ಲೆಲ್ಲಾದ್ರೂ ಮನೆ ಖಾಲಿ ಇದೆಯಾ?" ಎಂದು ಕೇಳಿದರೆ ಒಲೆ ಆರಿಸಿ ಎದ್ದು ಹೋಗಿ ನಾಲ್ಕು ಮನೆ ತೋರಿಸಿ ಬರುತ್ತೀರಿ. ಪುಕ್ಕಟೆಯಾಗಿ ಮಾಡುವ ಇದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರೆ ಮನೆಗೆ ನಾಲ್ಕು ಕಾಸು ಬರುತ್ತದೆ. ಜೊತೆಗೆ ಒಂದು ಸಂಸಾರ ಮೋಸ ಹೋಗುವುದೂ ತಪ್ಪುತ್ತದೆ. ಕೆಲಸ ಹಿಡಿಯುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ಸ್ವಂತಕ್ಕೆ ಮನೆ ಹುಡುಕುವವರಿಗೂ ಇವು ಉಪಯೋಗಕ್ಕೆ ಬಂದಾವು.

ಯಾರು ಬರುತ್ತಾರೆ, ಏನು ಕೇಳುತ್ತಾರೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ—ನಾಲ್ಕೂ ಮಧುಗಿರಿ ಉಪವಿಭಾಗದ ತಾಲ್ಲೂಕುಗಳೇ. ಆದರೂ ಮನೆ ಕೇಳಿಕೊಂಡು ಬರುವವರು ಒಂದೇ ಥರ ಇರುವುದಿಲ್ಲ.

ಮಧುಗಿರಿಯಲ್ಲಿ ಉಪವಿಭಾಗಾಧಿಕಾರಿಗಳ ಕಚೇರಿ ಇದೆ, ಶೈಕ್ಷಣಿಕ ಜಿಲ್ಲೆಯ ಕಚೇರಿಯೂ ಇದೆ. ಅಲ್ಲಿಗೆ ವರ್ಗವಾಗಿ ಬರುವ ನೌಕರರು, ಉಪಾಧ್ಯಾಯರು ಮಕ್ಕಳ ಶಾಲೆ ಶುರುವಾಗುವ ಮೊದಲೇ ಮನೆ ಸೇರಬೇಕೆನ್ನುತ್ತಾರೆ. ಅವರಿಗೆ ಶಾಲೆ ಹತ್ತಿರವಿರಬೇಕು. ಶಿರಾ ಬೆಂಗಳೂರು-ಪುಣೆ ಹೆದ್ದಾರಿಯ ಊರು. ಅಲ್ಲಿ ವ್ಯಾಪಾರಸ್ಥರು, ವಾಹನ ಇಟ್ಟುಕೊಂಡವರು ಹೆಚ್ಚು. ಗಾಡಿ ನಿಲ್ಲಿಸಲು ಜಾಗ ಇದೆಯೇ ಎಂಬುದೇ ಅವರ ಮೊದಲ ಪ್ರಶ್ನೆ. ಕೊರಟಗೆರೆಯಿಂದ ದಿನಾ ತುಮಕೂರಿಗೋ ವಸಂತನರಸಾಪುರದ ಕಾರ್ಖಾನೆಗಳಿಗೋ ಹೋಗಿಬರುವವರಿಗೆ ಬಸ್ ಸ್ಟ್ಯಾಂಡು ಕಾಲಳತೆಯಲ್ಲಿರಬೇಕು. ಪಾವಗಡಕ್ಕೆ ಆಂಧ್ರದ ಗಡಿ ಸುತ್ತುವರಿದಿದೆ. ಬರುವವರಲ್ಲಿ ಕನ್ನಡದವರೂ ಉಂಟು, ತೆಲುಗಿನವರೂ ಉಂಟು. ಎರಡು ಭಾಷೆಯಲ್ಲೂ ನಾಲ್ಕು ಮಾತಾಡಲು ಬಂದರೆ ಅಲ್ಲಿ ಅರ್ಧ ಕೆಲಸ ಆದ ಹಾಗೆ.

ಆದ್ದರಿಂದ ಮನೆ ತೋರಿಸಲು ಓಡುವ ಮೊದಲು ಬಂದವರನ್ನು ಕೂರಿಸಿ, ಒಂದು ಲೋಟ ನೀರು ಕೊಟ್ಟು, ಇಷ್ಟು ಕೇಳಿ: ಮನೆಯಲ್ಲಿ ಎಷ್ಟು ಜನ? ಮೆಟ್ಟಿಲು ಹತ್ತಲಾಗದ ವಯಸ್ಸಾದವರು ಇದ್ದಾರೆಯೇ? ಮಕ್ಕಳು ಯಾವ ಶಾಲೆಗೆ? ತಿಂಗಳಿಗೆ ಎಷ್ಟರವರೆಗೆ ಬಾಡಿಗೆ ಕೊಡಬಲ್ಲರು? ಯಾವ ತಾರೀಖಿಗೆ ಮನೆ ಬೇಕು? ಇದನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಹತ್ತು ಮನೆ ಸುತ್ತಿಸಿ ಬಿಸಿಲಿನಲ್ಲಿ ಸುಸ್ತು ಮಾಡುವುದಕ್ಕಿಂತ ಅವರಿಗೆ ಹೊಂದುವ ಮೂರು ಮನೆ ತೋರಿಸುವುದು ಮೇಲು.

ಇನ್ನೊಂದು ಮಾತು. ಯಜಮಾನರು ವರಾಂಡದಲ್ಲಿ ನಿಂತು ಬಾಡಿಗೆ ಮಾತಾಡುತ್ತಿರುತ್ತಾರೆ. ಆ ಮನೆಯಲ್ಲಿ ಹಗಲೆಲ್ಲ ದುಡಿಯುವವಳು ಹೆಂಡತಿ. ಆಕೆಯನ್ನೂ ಕರೆತರಲು ಹೇಳಿ. ಅಡುಗೆಮನೆ, ಬಚ್ಚಲು, ಬಟ್ಟೆ ಒಣಗಿಸುವ ಜಾಗ ಆಕೆ ನೋಡಿ ಒಪ್ಪಿದರೆ ಮಾತು ಮುರಿದು ಬೀಳುವುದು ಕಡಿಮೆ.

ತೋರಿಸುವ ಮುನ್ನ ಮನೆ ಸಿದ್ಧವಾಗಲಿ

ಹೆಣ್ಣು ನೋಡಲು ಬರುವ ದಿನ ಮನೆ ಹೇಗಿರುತ್ತದೋ ಹಾಗಿರಲಿ. ಇದಕ್ಕೆ ಸುಣ್ಣ-ಬಣ್ಣವೇ ಆಗಬೇಕೆಂದಿಲ್ಲ. ಕಸ ಗುಡಿಸಿ, ಜೇಡರಬಲೆ ತೆಗೆದು, ಬಚ್ಚಲು ತೊಳೆದು, ಕಿಟಕಿ ಬಾಗಿಲನ್ನು ಒಂದು ಗಂಟೆ ಮೊದಲೇ ತೆರೆದಿಡಿ. ಮುಚ್ಚಿದ ಮನೆಯ ಮುಗ್ಗುಲು ವಾಸನೆ ಬಂದವರನ್ನು ಬಾಗಿಲಲ್ಲೇ ತಡೆಯುತ್ತದೆ. ಬಲ್ಬು ಉರಿಯುತ್ತದೆಯೇ, ನಲ್ಲಿ ಸೋರುತ್ತದೆಯೇ, ಚಿಲಕ ಸರಿಯಾಗಿ ಬೀಳುತ್ತದೆಯೇ ನೋಡಿ. ಹೊಸಿಲಿಗೆ ನೀರು ಹಾಕಿ ಒಂದು ಎಳೆ ರಂಗೋಲಿ ಬಿಟ್ಟರೆ ಖಾಲಿ ಮನೆಗೂ ಲಕ್ಷಣ ಬರುತ್ತದೆ.

ಕೈಚೀಲದಲ್ಲಿ ಒಂದು ಅಳತೆಯ ಟೇಪು ಇರಲಿ. ಬೀರು ಬಾಗಿಲಲ್ಲಿ ಹಿಡಿಯುತ್ತದೆಯೇ, ಮಂಚ ಹಾಕಿದರೆ ಓಡಾಡಲು ಜಾಗ ಉಳಿಯುತ್ತದೆಯೇ ಎಂದು ಅಲ್ಲೇ ಅಳೆದು ಹೇಳಬಹುದು. ಸೈಟಿನ ಲೆಕ್ಕವೂ ಬಾಯಲ್ಲಿರಲಿ: ಒಂದು ಗುಂಟೆ ಎಂದರೆ 1,089 ಚದರಡಿ, 40 ಗುಂಟೆಗೆ ಒಂದು ಎಕರೆ. ಮೂವತ್ತು-ನಲವತ್ತರ ಸೈಟು 1,200 ಚದರಡಿ, ಅಂದರೆ ಗುಂಟೆಗಿಂತ ತುಸು ಹೆಚ್ಚು.

ಅಮಾವಾಸ್ಯೆ, ಆಷಾಢ, ರಾಹುಕಾಲ ನೋಡುವವರು ನಮ್ಮ ಕಡೆ ಬಹಳ. ನಿಮಗೆ ನಂಬಿಕೆ ಇರಲಿ ಬಿಡಲಿ, ಅವರನ್ನು ಕೇಳಿ ದಿನ ಗೊತ್ತುಮಾಡಿ. ಆಷಾಢದಲ್ಲಿ ವ್ಯವಹಾರ ಸಪ್ಪೆ; ಆ ದಿನಗಳನ್ನು ಕಾಗದಪತ್ರ ಹೊಂದಿಸಲು ಇಟ್ಟುಕೊಳ್ಳಿ.

ಕೊರತೆಯನ್ನು ಮೊದಲು ಹೇಳಿ

ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂಬ ಗಾದೆ ಇದೆ. ಈ ಕೆಲಸದಲ್ಲಿ ಆ ಕೋಪ ಎರಡು ದಿನದ್ದು, ಹೇಳದೆ ಹೋದರೆ ಬರುವ ಕೋಪ ಮಾತ್ರ ಹತ್ತು ವರ್ಷದ್ದು. ಪಡುವಣ ಗೋಡೆಯ ಕೋಣೆ ಸಂಜೆ ಕಾದ ಹೆಂಚಿನಂತಿರುತ್ತದೆ ಎಂದು ಗೊತ್ತಿದ್ದೂ ಬೆಳಗಿನ ತಂಪಿನಲ್ಲಿ ತೋರಿಸಿ ಕೈ ತೊಳೆದುಕೊಂಡರೆ, ಅವರು ಯುಗಾದಿ ಕಳೆಯುವಷ್ಟರಲ್ಲಿ ನಿಮ್ಮನ್ನು ಶಪಿಸುತ್ತಾರೆ. ಸಂಜೆ ಹೊತ್ತೂ ಒಂದು ಸಾರಿ ಕರೆದುಕೊಂಡು ಹೋಗಿ.

ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ನೀರು. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು? ಸಂಪು ಎಷ್ಟು ಲೀಟರಿನದು? ಬೋರು ಬೇಸಿಗೆಯಲ್ಲೂ ಬರುತ್ತದೆಯೇ? ಇದನ್ನು ಮನೆಯವರ ಬಾಯಿಂದ ಕೇಳಿದ್ದು ಸಾಲದು, ಪಕ್ಕದ ಮನೆಯಾಕೆಯನ್ನೂ ಕೇಳಿಕೊಳ್ಳಿ. ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೆಯ ಸಂಕಟ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದ ಕಡೆ ಒಂದೂವರೆವರೆಗೆ ಎಂದು ನಿಯಮ. ಹೆಚ್ಚಾದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಮೂಳೆ ಸೆಟೆಯುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಎಳೆ ಮಕ್ಕಳಿರುವ ಸಂಸಾರಕ್ಕೆ ಮನೆ ತೋರಿಸುವಾಗ ಶುದ್ಧ ನೀರಿನ ಘಟಕ ಎಷ್ಟು ದೂರ ಎಂದು ನೀವೇ ಹೇಳಬೇಕು, ಅವರು ಕೇಳಲಿ ಎಂದು ಕಾಯಬಾರದು.

"ಇಲ್ಲೇ ರೈಲ್ವೆ ಸ್ಟೇಷನ್ ಬರ್ತದೆ, ನಾಳೆ ಡಬಲ್ ಆಗ್ತದೆ" ಎಂದು ಸೈಟು ಮಾರುವುದನ್ನು ಕೇಳಿರುತ್ತೀರಿ. ತುಮಕೂರು–ರಾಯದುರ್ಗ ರೈಲು ದಾರಿ ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹೋಗುವಂತೆಯೂ ತುಮಕೂರು–ದಾವಣಗೆರೆ ದಾರಿ ಶಿರಾ ಮೇಲೆ ಹೋಗುವಂತೆಯೂ ಯೋಜನೆಯಾದದ್ದು ನಿಜ. ಆದರೆ ನೀವು ತೋರಿಸುವ ಸೈಟಿಗೂ ಆ ದಾರಿಗೂ ಎಷ್ಟು ದೂರ ಎಂದು ನಕ್ಷೆ ನೋಡದೆ ಬಾಯಿ ಬಿಡಬೇಡಿ. ನಾಳೆಯ ಆಸೆ ತೋರಿಸಿ ಇವತ್ತಿನ ಒಡವೆ ಅಡವಿಡಿಸುವುದು ಪಾಪದ ಕೆಲಸ.

ಕಾಗದ ಓದಲು ಕಲಿಯಿರಿ

ಇದು ವಕೀಲರ ಕೆಲಸ ಎಂದು ಹೆದರಬೇಡಿ. ಕೊನೆಗೆ ವಕೀಲರಿಗೆ ತೋರಿಸಲೇಬೇಕು. ಆದರೆ ಯಾವ ಕಾಗದ ಕೇಳಬೇಕೆಂದು ನಿಮಗೆ ಗೊತ್ತಿದ್ದರೆ ಮೋಸಗಾರರು ನಿಮ್ಮ ಬಳಿ ಸುಳಿಯುವುದಿಲ್ಲ. ಮುಖ್ಯವಾದವು ಇಷ್ಟು:

1. ಮೂಲ ಕ್ರಯಪತ್ರ. ಅದರಲ್ಲಿನ ಚಕ್ಕುಬಂದಿಯನ್ನು ಸೈಟಿನಲ್ಲೇ ನಿಂತು ಓದಿ. ಪೂರ್ವಕ್ಕೆ ರಸ್ತೆ ಎಂದು ಬರೆದಿದ್ದು ಅಲ್ಲಿ ಬೇರೆಯವರ ಹಿತ್ತಿಲು ಇದ್ದರೆ ಅಲ್ಲಿಗೇ ನಿಲ್ಲಿಸಿ.

2. ಋಣಭಾರ ಪತ್ರ, ಅಂದರೆ ಇ.ಸಿ. ಮೂವತ್ತು ವರ್ಷದ್ದು ತೆಗೆಸಿದರೆ ಒಳ್ಳೆಯದು. ಈಗ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ನೋಂದಣಿಯಾದ ವ್ಯವಹಾರ ಮಾತ್ರ ಇದರಲ್ಲಿ ಕಾಣುತ್ತದೆ. ಕೈಬರಹದ ಕರಾರು, ಬಾಯಿಮಾತಿನ ಸಾಲ ಕಾಣುವುದಿಲ್ಲ.

3. ಖಾತೆ ಮತ್ತು ಕಂದಾಯದ ರಸೀದಿ. ಪಟ್ಟಣಗಳಲ್ಲಿ 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯದಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ.

4. ಹೊಲವನ್ನು ತುಂಡು ಮಾಡಿದ ಸೈಟಾದರೆ ಭೂಪರಿವರ್ತನೆಯ ಆದೇಶ, ಮಂಜೂರಾದ ಬಡಾವಣೆಯ ನಕ್ಷೆ. ಕಲ್ಲು ನೆಟ್ಟು ಸುಣ್ಣ ಬಳಿದ ಮಾತ್ರಕ್ಕೆ ಅದು ಬಡಾವಣೆಯಾಗದು.

5. ಜಮೀನು ಸರ್ಕಾರದಿಂದ ಮಂಜೂರಾದದ್ದೇ ಎಂಬ ವಿಚಾರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾಯಿದೆ ಪ್ರಕಾರ ಆ ಕ್ರಯ ನಿಲ್ಲುವುದಿಲ್ಲ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹೋಗಿ ಜಮೀನು ಮೂಲ ಮಂಜೂರುದಾರರಿಗೆ ವಾಪಸಾಗುತ್ತದೆ. ಅಂಥ ಅರ್ಜಿಗೆ ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಬಡವರ ಜಮೀನು ಬಡವರಿಗೇ ಉಳಿಯಲೆಂದು ಮಾಡಿದ ಕಾನೂನು ಅದು.

ಕಾಗದದಲ್ಲಿ ಹೆಸರಿರುವುದಕ್ಕೆ ಎಷ್ಟು ಬೆಲೆ ಎಂದು ತಿಳಿಯಲು ಪಾವಗಡ ತಾಲ್ಲೂಕಿನ ತಿರುಮಣಿಯ ಸೌರ ವಿದ್ಯುತ್ ಪಾರ್ಕು ನೋಡಿ. ಸುಮಾರು 13,000 ಎಕರೆಯ ಆ ಪಾರ್ಕಿಗೆ ಜಮೀನನ್ನು ಕ್ರಯಕ್ಕೆ ಪಡೆಯದೆ ರೈತರಿಂದ ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ ಎಂದು ಒಪ್ಪಂದ. ಹಣ ಬಂದದ್ದು ಜಮೀನಿನ ಕಾಗದ ಇದ್ದವರಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸರಿಗೆ ಕೂಲಿಯೂ ಹೋಯಿತು, ಗುತ್ತಿಗೆ ಹಣವೂ ಇಲ್ಲ.

ಹೆಣ್ಣುಮಕ್ಕಳ ಸಹಿ

ಈ ಒಂದು ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಅಪ್ಪನ ಕಾಲದ ಮನೆ ಮಾರಲು ಬರುವವರು "ತಂಗೀರಿಗೆ ಮದುವೇಲೇ ಕೊಟ್ಟು ಕಳಿಸಿದೀವಿ, ಅವರ ಸಹಿ ಯಾಕಮ್ಮ?" ಎನ್ನುವುದುಂಟು. ಅದು ಸಲ್ಲದ ಮಾತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿಯಾಯಿತು. ನಮ್ಮ ರಾಜ್ಯದಲ್ಲಿ 1994ರಲ್ಲೇ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಈ ಹಕ್ಕು ಬಂದಿತ್ತು. ಹುಟ್ಟಿನಿಂದಲೇ ಈ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕೆಂಬ ಕಟ್ಟಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪಟ್ಟಿ ಇದ್ದರೆ ಅದು ನಿಲ್ಲುತ್ತದೆ. ಅಪ್ಪನ ಸ್ವಂತ ಸಂಪಾದನೆಯಾಗಿದ್ದು, ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೂ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲೇ.

ಹಾಗಾಗಿ ವಂಶವೃಕ್ಷ ತರಿಸಿ ನೋಡಿ. ಅದರಲ್ಲಿ ಅಕ್ಕತಂಗಿಯರ ಹೆಸರು ಕಾಣದಿದ್ದರೆ "ಮನೇಲಿ ಹೆಣ್ಣುಮಕ್ಕಳೇ ಹುಟ್ಟಲಿಲ್ವೇ?" ಎಂದು ಕೇಳಲು ಸಂಕೋಚ ಬೇಡ. ಮುಂಗಡ ಕೊಡಿಸುವ ಮೊದಲು ಆ ಹೆಣ್ಣುಮಕ್ಕಳ ಜೊತೆ ನೀವೇ ಮಾತಾಡಿ. ಕೊಳ್ಳುವವರಿಗೆ ಮುಂದೆ ಕೋರ್ಟು ಅಲೆಯುವುದು ತಪ್ಪುತ್ತದೆ. ಗಂಡನ ಮನೆಯಲ್ಲಿ ಕಷ್ಟದಲ್ಲಿರುವ ಯಾವಳೋ ಒಬ್ಬಳಿಗೆ ತನ್ನ ಪಾಲೂ ಸಿಕ್ಕೀತು. ಗಂಡಸು ದಲ್ಲಾಳಿ ಕೇಳದ ಈ ಪ್ರಶ್ನೆಯನ್ನು ನೀವು ಕೇಳಿದರೆ ಒಂದೆರಡು ವ್ಯವಹಾರ ಕೈತಪ್ಪಬಹುದು. ತಪ್ಪಲಿ. ಅಂಥ ವ್ಯವಹಾರದ ಕಮಿಷನ್ ಮನೆಗೆ ತರುವಂಥದ್ದಲ್ಲ.

ಹಣದ ಮಾತು ನೇರವಾಗಿರಲಿ

ಬಾಡಿಗೆ ಮನೆಗೆ ಅರ್ಧ ಅಥವಾ ಒಂದು ತಿಂಗಳ ಬಾಡಿಗೆ, ಕ್ರಯಕ್ಕೆ ನೂರಕ್ಕೆ ಒಂದೋ ಎರಡೋ ರೂಪಾಯಿ ಕಮಿಷನ್ ಎಂದು ವಾಡಿಕೆ. ನಿಮ್ಮದು ಎಷ್ಟು, ಯಾರು ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ಮನೆ ತೋರಿಸುವ ಮೊದಲೇ ಹೇಳಿಬಿಡಿ. ಮಾರುವವರು ಹತ್ತು ಲಕ್ಷ ಎಂದದ್ದನ್ನು ಕೊಳ್ಳುವವರಿಗೆ ಹನ್ನೊಂದು ಎಂದು ಹೇಳಿ ನಡುವಿನ ಲಕ್ಷ ಜೇಬಿಗಿಳಿಸುವುದನ್ನು ಕೆಲವರು ಜಾಣತನ ಎನ್ನುತ್ತಾರೆ. ಸಣ್ಣ ಊರಿನಲ್ಲಿ ಅದು ಮುಚ್ಚಿಡಲಾಗದು. ಎರಡೂ ಕಡೆಯ ಹೆಂಗಸರು ಒಂದೇ ಜಾತ್ರೆಯಲ್ಲಿ ಸಿಗುತ್ತಾರೆ.

ಕೊಳ್ಳುವವರಿಗೆ ಒಟ್ಟು ಖರ್ಚು ಹೇಳಿ. ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು, ಜೊತೆಗೆ 2025ರ ಆಗಸ್ಟ್ 31ರಿಂದ ಶೇಕಡ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿದರೆ ನೂರಕ್ಕೆ ಏಳೂವರೆ ರೂಪಾಯಿ ದಾಟುತ್ತದೆ. ಹನ್ನೆರಡು ಲಕ್ಷದ ಸೈಟಿಗೆ ತೊಂಬತ್ತು ಸಾವಿರದ ಮೇಲಾಯಿತು. ಇದು ಗೊತ್ತಿಲ್ಲದೆ ಕೊನೇ ಗಳಿಗೆಯಲ್ಲಿ ಕೈಬಳೆ ಬಿಚ್ಚುವ ಪರಿಸ್ಥಿತಿ ಯಾರಿಗೂ ಬರಬಾರದು. ಮುಂಗಡವನ್ನು ನೀವು ಕೈಯಲ್ಲಿ ಹಿಡಿಯಬೇಡಿ. ಆಸ್ತಿಯ ಮುಂಗಡ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ನಗದಾಗಿ ಪಡೆಯುವಂತಿಲ್ಲ. ಬ್ಯಾಂಕಿನ ಮೂಲಕ ಮಾರುವವರ ಖಾತೆಗೇ ಹೋಗಲಿ.

ಭೋಗ್ಯದ ಮನೆ ಮಾಡಿಸುವಾಗ ಇನ್ನೂ ಎಚ್ಚರ ಬೇಕು. ಲಕ್ಷಗಟ್ಟಲೆ ಹಣ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವ ಏರ್ಪಾಡು ಇದು. ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ ಎಂದು ಮೊದಲು ನೋಡಿ. ಸಾಲ ತೀರದೆ ಮನೆ ಹರಾಜಾದರೆ ಭೋಗ್ಯದವರ ಗಂಟು ಮುಳುಗುತ್ತದೆ. ಒಂದು ವರ್ಷಕ್ಕೆ ಮೀರಿದ ಭೋಗ್ಯದ ಪತ್ರ ನೋಂದಣಿಯಾಗಲೇಬೇಕು.

ಹೊಸ ಬಡಾವಣೆಯ ಸೈಟು ಮಾರಿಸಲು ಹೊರಟರೆ 2016ರ ರೇರಾ ಕಾಯಿದೆ ಅನ್ವಯಿಸುತ್ತದೆ. ಜಾಗ 500 ಚದರ ಮೀಟರಿಗಿಂತ, ಅಂದರೆ ಹತ್ತಿರ ಹತ್ತಿರ ಐದು ಗುಂಟೆಗಿಂತ, ಹೆಚ್ಚಿದ್ದರೆ ಬಡಾವಣೆಗೆ ರೇರಾ ನಂಬರು ಇರಬೇಕು, ಮಧ್ಯವರ್ತಿಗೂ ರೇರಾ ನೋಂದಣಿ ಇರಬೇಕು. ಇಲ್ಲದೆ ಮಾರಿಸಿದರೆ ದಿನಕ್ಕೆ ಹತ್ತು ಸಾವಿರ ರೂಪಾಯಿ ದಂಡ. ಆದ್ದರಿಂದ ಹೊಸಬರು ಬಾಡಿಗೆ, ಭೋಗ್ಯ, ಹಳೆಯ ಮನೆಗಳಿಂದ ಶುರುಮಾಡುವುದೇ ಸರಿ.

ಹೆಸರು ಹರಡುವುದು ಹೇಗೆ?

ದೊಡ್ಡ ಬೋರ್ಡು ಬೇಕಾಗಿಲ್ಲ. ಹಾಲಿನವನು, ಇಸ್ತ್ರಿಯವರು, ಅಂಗನವಾಡಿ ಟೀಚರು, ಗ್ಯಾಸ್ ತರುವ ಹುಡುಗ, ಶಾಲೆಯ ಆಯಾ—ಇವರಿಗೆ ನೀವು ಈ ಕೆಲಸ ಮಾಡುತ್ತೀರಿ ಎಂದು ತಿಳಿದರೆ ಸಾಕು. ಖಾಲಿ ಮನೆಯ ಸುದ್ದಿ ಮೊದಲು ಅವರಿಗೇ ಗೊತ್ತಾಗುವುದು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಂದು ಮಾತು ಹಾಕಿ. ವಾಟ್ಸಾಪಿನಲ್ಲಿ ಫೋಟೋ ಹಾಕುವುದಾದರೆ ಬೆಳಗಿನ ಬೆಳಕಿನಲ್ಲಿ ತೆಗೆಯಿರಿ. ಹಜಾರದ ಒಂದು, ಅಡುಗೆಮನೆಯ ಒಂದು, ಬಚ್ಚಲಿನ ಒಂದು, ರಸ್ತೆಯ ಒಂದು. ಪಕ್ಕದ ಚರಂಡಿ ಕಾಣದಂತೆ ಕತ್ತರಿಸಬೇಡಿ. ಮನೆಯವರ ಫೋನ್ ನಂಬರು, ಕಾಗದಪತ್ರ ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಕೂಡದು. ಬಾಡಿಗೆ ಆದ ಕೂಡಲೇ ಫೋಟೋ ತೆಗೆದುಬಿಡಿ. ಆದ ಮನೆ ತೋರಿಸಿ ಜನರನ್ನು ಕರೆಸುವುದು ಹಳೇ ತಂತ್ರ, ಅದರಿಂದ ಹೆಸರು ಕೆಡುತ್ತದೆ.

ಮನೆ ಸೇರಿದ ಮೇಲೂ ಒಮ್ಮೆ ಹೋಗಿ ಬನ್ನಿ. ಹಾಲು ಎಲ್ಲಿ, ರೇಷನ್ ಅಂಗಡಿ ಎಲ್ಲಿ, ಮಗುವಿಗೆ ಜ್ವರ ಬಂದರೆ ಯಾವ ಡಾಕ್ಟರು, ನೀರು ಬಿಡುವವರು ಯಾರು ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಹಾಲುಕ್ಕಿಸುವ ದಿನ ಕರೆದರೆ ಹೂವು-ಹಣ್ಣು ಹಿಡಿದು ಹೋಗಿ. ಹೊಸ ಊರಿಗೆ ಬಂದ ಹೆಂಗಸಿಗೆ ಆ ಚೀಟಿ ಕೊಡುವ ಧೈರ್ಯ ನಿಮಗೆ ತಿಳಿಯದ್ದಲ್ಲ. ನೀವೂ ಒಂದು ದಿನ ಹೊಸ ಮನೆಗೆ ಕಾಲಿಟ್ಟವರೇ. ಆಕೆ ಮುಂದೆ ನಾಲ್ಕು ಜನರನ್ನು ನಿಮ್ಮಲ್ಲಿಗೆ ಕಳಿಸುತ್ತಾಳೆ.

ಎರಡು ಕಟ್ಟುನಿಟ್ಟು

"ಬರೋರು ಯಾವ ಜನ?" ಎಂದು ಮನೆ ಮಾಲೀಕರು ಕೇಳುತ್ತಾರೆ. ಈ ಪ್ರಶ್ನೆ ಹೊತ್ತುಕೊಂಡು ಹೋಗಿ ಬಂದವರ ಮುಂದೆ ಇಡಬೇಡಿ. "ಬಾಡಿಗೆ ಹೊತ್ತಿಗೆ ಕೊಡ್ತಾರೆ, ಮನೆ ಚೆನ್ನಾಗಿ ಇಟ್ಕೋತಾರೆ, ಅಷ್ಟಕ್ಕೆ ನಾನು ಹೇಳಬಲ್ಲೆ" ಎಂದುಬಿಡಿ. ಬೆಳಗಿನಿಂದ ಮಗು ಎತ್ತಿಕೊಂಡು ಅಲೆದು, ಹೆಸರು ಕೇಳಿದ ಕೂಡಲೇ ಬಾಗಿಲು ಮುಚ್ಚಿಸಿಕೊಂಡ ಸಂಸಾರದ ನೋವು ನಿಮ್ಮ ಕೈಯಿಂದ ಆಗಬಾರದು. ಹೀಗೆ ಕೇಳದ ಮಾಲೀಕರೂ ಊರಿನಲ್ಲಿ ಇದ್ದಾರೆ. ಅವರ ಮನೆಗಳ ಪಟ್ಟಿ ನಿಮ್ಮಲ್ಲಿರಲಿ.

ಎರಡನೆಯದು ನಿಮ್ಮ ಕ್ಷೇಮ. ಊರಾಚೆಯ ಸೈಟಿಗೋ ಬೀಗ ಹಾಕಿದ ಮನೆಗೋ ಗುರುತಿಲ್ಲದವರೊಂದಿಗೆ ಒಬ್ಬರೇ ಹೋಗಬೇಡಿ. ಜೊತೆಗೊಬ್ಬರು ಇರಲಿ, ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಮನೆಯಲ್ಲಿ ಹೇಳಿ ಹೋಗಿ, ಕತ್ತಲಾಗುವ ಮೊದಲೇ ತಿರುಗಿ ಬನ್ನಿ.

ಮೊದಲ ಆರು ತಿಂಗಳು ದೊಡ್ಡ ಸಂಪಾದನೆ ನಿರೀಕ್ಷಿಸಬೇಡಿ. ತೋರಿಸಿದ ಮನೆ, ಬಂದವರು, ಬಂದ ಹಣ, ಖರ್ಚಾದ ಹಣ ಎಲ್ಲವನ್ನೂ ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ನಿಮ್ಮ ಬೀದಿಯಲ್ಲಿ ಇವತ್ತು ಖಾಲಿ ಇರುವ ಮನೆ ಯಾವುದು? ಸಂಜೆ ಆ ಮನೆಯವರನ್ನು ಮಾತಾಡಿಸಿ, ಪುಸ್ತಕದ ಮೊದಲ ಸಾಲು ಅದರಿಂದಲೇ ಆಗಲಿ.